ಎಕಾರ್ಟ್ ಸ್ಕೋರ್ ಅಂದರೆ ಏನು?

ರಿಪೋರ್ಟಿನಲ್ಲಿ ‘ಎಕಾರ್ಟ್ ಸ್ಕೋರ್ 9 ಇದ್ದದ್ದು 2ಕ್ಕೆ ಇಳಿದಿದೆ’ ಎಂದಿದ್ದರೆ ಡಾಕ್ಟರಿಗೆ ಖುಷಿ. ರೋಗಿಗೆ ಮಾತ್ರ ಆ 2 ಏನು ಅಂತಲೇ ಗೊತ್ತಿರುವುದಿಲ್ಲ.

ಇದು ಅಕಲೇಶಿಯಾ ಎಂಬ ಕಾಯಿಲೆಯ ಅಳತೆ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಸ್ನಾಯುವಿನ ಉಂಗುರ ಒಂದಿದೆ. ನುಂಗಿದಾಗ ಅದು ಸಡಿಲವಾಗಿ ದಾರಿ ಬಿಡಬೇಕು. ಸಡಿಲಿಸುವ ನರಕೋಶಗಳು ಹಾಳಾದರೆ ಉಂಗುರ ಬಿಗಿದೇ ಇರುತ್ತದೆ, ಮೇಲಿನ ನಾಳವೂ ಸರಿಯಾಗಿ ತಳ್ಳುವುದಿಲ್ಲ. ತುತ್ತು ಎದೆಯಲ್ಲೇ ನಿಲ್ಲುತ್ತದೆ. ಎಷ್ಟೋ ಸಲ ನೀರೂ ಇಳಿಯದು. ರಾತ್ರಿ ಉಂಡದ್ದು ಜೀರ್ಣವಾಗದೆ, ಮಲಗಿದ ಮೇಲೆ ದಿಂಬಿಗೆ ಬರುವುದೂ ಉಂಟು.

ಸ್ಕೋರಿನಲ್ಲಿ ಇರುವುದು ನಾಲ್ಕೇ ಪ್ರಶ್ನೆ. ನುಂಗಲು ಕಷ್ಟವೇ? ತಿಂದದ್ದು ವಾಪಸ್ ಬರುತ್ತದೆಯೇ? ಎದೆ ನೋಯುತ್ತದೆಯೇ? ತೂಕ ಎಷ್ಟು ಇಳಿದಿದೆ? ಒಂದೊಂದಕ್ಕೂ ಸೊನ್ನೆಯಿಂದ 3 ಅಂಕ. ತುತ್ತು ಯಾವಾಗಲೋ ಒಮ್ಮೆ ಸಿಕ್ಕಿಕೊಂಡರೆ 1, ದಿನಾ ಆದರೆ 2, ಪ್ರತಿ ಊಟಕ್ಕೂ ಆದರೆ 3. ತೂಕ 10 ಕಿಲೋಗಿಂತ ಜಾಸ್ತಿ ಇಳಿದಿದ್ದರೂ 3. ಒಟ್ಟು 12. ಚಿಕಿತ್ಸೆಯ ನಂತರ 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದನ್ನು ‘ಯಶಸ್ಸು’ ಎಂದು ಬರೆಯುತ್ತಾರೆ. ಅಂದರೆ ಆಗೊಮ್ಮೆ ಈಗೊಮ್ಮೆ ತುತ್ತು ಸಿಕ್ಕಿಕೊಳ್ಳುವವರೂ ಈ ಲೆಕ್ಕದಲ್ಲಿ ಪಾಸು!

ಎಂಡೋಸ್ಕೋಪಿ ಚಿಕಿತ್ಸೆ ‘ಪೋಯೆಮ್’ ಬಗ್ಗೆ ಓದುವಾಗ ಇದು ನೆನಪಿರಲಿ. ಹೆಸರು ಕೇಳಿ ಕವಿತೆ ಅಂದುಕೊಳ್ಳಬೇಡಿ, ಅದು ಇಂಗ್ಲಿಷ್ ಮೊದಲಕ್ಷರಗಳ ಗುಂಪು ಅಷ್ಟೇ. ಜಪಾನಿನ ಹರುಹಿರೊ ಇನೌಯೆ 2008ರಲ್ಲಿ ಇದನ್ನು ಶುರುಮಾಡಿದರು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಅನ್ನನಾಳದ ಒಳಪದರದ ಕೆಳಗೆ ಸುರಂಗ ತೋಡಿ, ಬಿಗಿದ ಸ್ನಾಯುವನ್ನು ಒಳಗಿಂದಲೇ ಕತ್ತರಿಸಿ, ಸುರಂಗದ ಬಾಯಿಗೆ ಕ್ಲಿಪ್ ಹಾಕುತ್ತಾರೆ. ಹೊಟ್ಟೆಯ ಮೇಲೆ ಗಾಯವೇ ಇಲ್ಲ.

2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ವರ್ಷದ ನಂತರ ಪೋಯೆಮ್ ಮಾಡಿಸಿದವರಲ್ಲಿ 83% ಮಂದಿಗೆ, ಹೊಟ್ಟೆಗೆ ಸಣ್ಣ ತೂತು ಮಾಡಿ ಅದೇ ಸ್ನಾಯು ಕತ್ತರಿಸುವ ಲ್ಯಾಪರೋಸ್ಕೋಪಿ ಆಪರೇಷನ್ ಆದವರಲ್ಲಿ ಸುಮಾರು 82% ಮಂದಿಗೆ ಈ ‘ಯಶಸ್ಸು’ ಸಿಕ್ಕಿತ್ತು. ಹೆಚ್ಚುಕಮ್ಮಿ ಸಮ. ಆದರೆ ಆಸಿಡ್ ಮೇಲೆ ಬಂದು ಅನ್ನನಾಳ ಕೆಂಪಾಗಿದ್ದದ್ದು ಪೋಯೆಮ್ ಗುಂಪಿನಲ್ಲಿ 44%, ಇನ್ನೊಂದರಲ್ಲಿ 29%. ಬಾಗಿಲು ತೆರೆದರೆ ಎರಡೂ ಕಡೆಗೆ ತೆರೆಯುತ್ತದೆ, ಅಲ್ವಾ? ನನಗೆ ಈ ಸ್ಕೋರಿನ ಮೇಲೆ ಇರುವ ದೊಡ್ಡ ತಕರಾರೇ ಇದು. ಎದೆಯುರಿಗೆ ಅದರಲ್ಲಿ ಜಾಗವೇ ಇಲ್ಲ.

ಮತ್ತೆ, ಕೆಲವರು ನಿಧಾನ ಉಣ್ಣುವುದನ್ನು, ತುತ್ತಿಗೊಮ್ಮೆ ನೀರು ಕುಡಿಯುವುದನ್ನು ರೂಢಿ ಮಾಡಿಕೊಂಡು ‘ಏನೂ ತೊಂದರೆ ಇಲ್ಲ’ ಎನ್ನುತ್ತಾರೆ. ಅದಕ್ಕೇ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರವ ಕುಡಿಸಿ, 5 ನಿಮಿಷ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಸ್ಕೋರ್ 1 ಇದ್ದವರ ಎದೆಯಲ್ಲೂ ಆ ಬಿಳಿ ಕಂಬ ಕೆಲವೊಮ್ಮೆ ಹಾಗೇ ನಿಂತಿರುತ್ತದೆ.