ಕಲ್ಲುಬಂಡೆಗೆ ಎಷ್ಟು ಪಾಯಿಂಟ್?

ಮೊನ್ನೆ ಭಾನುವಾರ ದಾವಣಗೆರೆಯ ನಮ್ಮ ಮನೆಯ ಊಟದ ಟೇಬಲ್ ಮೇಲೆ ರೋಮನ್ನರು ಸೋತರು. ಪುಟ್ಟ ಗೊಂಬೆ ಸೈನಿಕರನ್ನಿಟ್ಟು ಹಳೇ ಯುದ್ಧಗಳನ್ನ ಆಡುವ ಆಟ ನಮ್ಮದು. ಒಂದೊಂದು ಗೊಂಬೆಯೂ ಕಿರುಬೆರಳಿನ ತುದಿಯಷ್ಟು. ಅವುಗಳ ಗುರಾಣಿಗೆ ಕೆಂಪು ಬಳಿಯೋಕೇ ನನಗೆ ಮೂರು ತಿಂಗಳು ಹಿಡಿದಿತ್ತು. ಎದುರಿಗೆ ಕೂತ ಗೆಳೆಯನದು ಪಾರ್ಥಿಯನ್, ಅಂದರೆ ಹಳೇ ಇರಾನಿನ, ಕುದುರೆ ಪಡೆ. ಅವನ ಬಿಲ್ಲುಗಾರರು ಕೈಗೆ ಸಿಗಲೇ ಇಲ್ಲ. ನಾನು ಮುಂದೆ ಹೋದರೆ ಅವರು ಹಿಂದೆ, ನಾನು ನಿಂತರೆ ಅವರು ಸುತ್ತ. ಒಂದು ಗಂಟೆಯೊಳಗೆ ನನ್ನ ಸಾಲು ಚೂರಾಯಿತು.

"ರೋಮನ್ನರೇ ಎಲ್ಲರಿಗಿಂತ ಗಟ್ಟಿ ಅಂತಿದ್ದೆಯಲ್ಲಪ್ಪಾ?" ಅಂದ ಗೆಳೆಯ.

ಗಟ್ಟಿಯೇ. ಆದರೆ ಕ್ರಿ.ಪೂ. 53ರಲ್ಲಿ ಕಾರ್ರೆ ಬಯಲಿನಲ್ಲಿ ನಡೆದದ್ದೂ ಇದೇ. ಬಾಣ ಮುಗಿಯಲಿ, ಆಮೇಲೆ ನೋಡಿಕೊಳ್ಳೋಣ ಅಂತ ರೋಮನ್ನರು ಗುರಾಣಿ ಹಿಡಿದು ಕಾದರು. ಬಾಣ ಮುಗಿಯಲಿಲ್ಲ. ಪಾರ್ಥಿಯನ್ನರ ಹಿಂದೆ ಒಂಟೆಗಳ ಮೇಲೆ ಹೊರೆಹೊರೆ ಬಾಣ ಬಂದಿತ್ತು. 20,000 ರೋಮನ್ನರು ಸತ್ತರು, 10,000 ಮಂದಿ ಸೆರೆಯಾದರು ಅಂತ ಹಳೇ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಒಂದು ಪಡೆಯ ಬಲ ಎಷ್ಟು ಅಂತ ಕೇಳಿದರೆ, ಯಾರ ಎದುರು, ಯಾವ ನೆಲದ ಮೇಲೆ ಅಂತ ಮೊದಲು ಕೇಳಬೇಕು. ಇದನ್ನ ದಾಳ ಮತ್ತು ಅಂಕಿಗಳಲ್ಲಿ ಹಿಡಿಯೋಕೆ ಜನ ಇನ್ನೂರು ವರ್ಷಕ್ಕೂ ಜಾಸ್ತಿ ಒದ್ದಾಡಿದ್ದಾರೆ.

ಚದುರಂಗದಲ್ಲಿ ಈ ತಲೆನೋವೇ ಇಲ್ಲ. ಎರಡೂ ಕಡೆ ಅದೇ ಆನೆ, ಅದೇ ಕುದುರೆ, ನೆಲ ಪೂರ್ತಿ ಸಪಾಟು. ನಮ್ಮ ಹುಲಿ-ಕುರಿ ಆಟ ಬೇರೆ ದಾರಿ ಹಿಡಿದಿದೆ. ಮೂರು ಹುಲಿ, ಹದಿನೈದು ಕುರಿ. ಒಂದೊಂದಾಗಿ ನೋಡಿದರೆ ಕುರಿಗೆ ಏನೂ ಬಲವಿಲ್ಲ. ಸೇರಿ ನಿಂತರೆ ಹುಲಿಗೆ ಕದಲೋಕೆ ಜಾಗ ಸಿಗೋದಿಲ್ಲ. ಸಮ ಅಲ್ಲದ ಎರಡು ಪಕ್ಷಗಳನ್ನ ಆಟದಲ್ಲಿ ಸಮ ಮಾಡುವ ಲೆಕ್ಕ ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ಅಲ್ವಾ?

ಯುರೋಪಿನಲ್ಲಿ 1780ರಲ್ಲಿ ಹೆಲ್ವಿಗ್ ಎಂಬ ಜರ್ಮನ್ ಮೇಷ್ಟ್ರು ಚದುರಂಗದ ಮಣೆಯನ್ನ ದೊಡ್ಡದು ಮಾಡಿ, ಬೆಟ್ಟ, ನೀರು, ಜೌಗು ಅಂತ ಮನೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟರು. ನೆಲ ಆಟದೊಳಗೆ ಬಂತು. 1824ರಲ್ಲಿ ಪ್ರಶ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್, ತಂದೆ ಶುರು ಮಾಡಿದ ಆಟವನ್ನ ತಿದ್ದಿ, ಮಣೆಯ ಬದಲು ನಿಜವಾದ ನಕ್ಷೆ, ದಾಳ ಮತ್ತು ಒಬ್ಬ ಪಂಚನನ್ನ ಇಟ್ಟರು. ಪ್ರಶ್ಯಾದ ಸೈನ್ಯ ಅದನ್ನ ತರಬೇತಿಗೇ ಬಳಸಿತು.

ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ಬರೆದ ನಿಯಮ ಮನೆಯೊಳಗಿನ ಆಟಕ್ಕೆ. ಸ್ಪ್ರಿಂಗ್ ಫಿರಂಗಿಯಿಂದ ಗೊಂಬೆಗಳನ್ನ ಉರುಳಿಸೋದು. ಖುಷಿಯ ಆಟ, ಆದರೆ ಕೈಕೈ ಮಿಲಾಯಿಸಿದಾಗ ಒಬ್ಬನಿಗೆ ಒಬ್ಬ ಅಂತ ಎರಡೂ ಕಡೆ ಗೊಂಬೆ ತೆಗೆಯಬೇಕು. ಯಾರ ಸೈನಿಕ ಅನ್ನೋದಕ್ಕೆ ಅಲ್ಲಿ ಬೆಲೆ ಇಲ್ಲ.

ಆ ಬೆಲೆ ಕಟ್ಟಿದವರು ಇಂಗ್ಲೆಂಡಿನ ಫಿಲ್ ಬಾರ್ಕರ್ ಮತ್ತು ಅವರ ಜೊತೆಗಾರರು. ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ ಹೆಸರಲ್ಲಿ 1969ರಿಂದ ಅವರ ನಿಯಮಗಳು ಬಂದವು. ಕವಚ, ಆಯುಧ, ತರಬೇತಿ ನೋಡಿ ಪ್ರತಿ ಸೈನಿಕನಿಗೂ ಪಾಯಿಂಟ್. ಇಬ್ಬರೂ ಅಷ್ಟೇ ಪಾಯಿಂಟಿಗೆ ಪಡೆ ಕೊಂಡು ಆಡಬೇಕು. 1990ರಲ್ಲಿ ಬಾರ್ಕರ್ ತಂದ ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ನಿಯಮದಲ್ಲಿ ಪಾಯಿಂಟೂ ಇಲ್ಲ. ಯಾವ ಪಡೆಯಾದರೂ ಹನ್ನೆರಡೇ ತುಕಡಿ. ಪ್ರತಿ ಸರದಿಗೆ ಒಂದು ದಾಳ, ಬಿದ್ದಷ್ಟೇ ನಡೆ. ಒಂದು ಬಿದ್ದರೆ ಹನ್ನೆರಡು ತುಕಡಿಗಳ ಸೇನಾಪತಿಗೆ ಒಂದೇ ಅಪ್ಪಣೆ ಕೊಡೋಕೆ ಸಾಧ್ಯ. ಯುದ್ಧದ ಗದ್ದಲ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಹಾಗೆ ಒಂದು ಬಿದ್ದಾಗಲೇ.

ಆನೆಗೆ ಬೆಲೆ ಕಟ್ಟೋದು ಇನ್ನೂ ಕಷ್ಟ. ಕ್ರಿ.ಪೂ. 326ರಲ್ಲಿ ಪೋರಸನ ಆನೆಗಳು ಅಲೆಕ್ಸಾಂಡರನ ಈಟಿ ಸಾಲನ್ನ ತುಳಿದವು. ಗಾಯವಾದ ಮೇಲೆ ತಮ್ಮವರನ್ನೂ ತುಳಿದವು. ಕ್ರಿ.ಪೂ. 202ರಲ್ಲಿ ಜಾಮಾದಲ್ಲಿ ರೋಮನ್ ಸೇನಾಪತಿ ಸಿಪಿಯೋ ತನ್ನ ಪಡೆಯ ನಡುವೆ ಓಣಿ ಬಿಟ್ಟು ನಿಲ್ಲಿಸಿದ, ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನ ಎಷ್ಟೋ ಆನೆಗಳು ಆ ಓಣಿಗಳಲ್ಲೇ ಹಾದು ಹೋದವು. ಹಾಗಾಗಿ ಒಳ್ಳೆಯ ನಿಯಮದಲ್ಲಿ ಆನೆ ಕುದುರೆಗೆ ಯಮ, ಚದುರಿ ಓಡಾಡುವ ಭರ್ಜಿಯವನ ಎದುರು ಮಾತ್ರ ಅದಕ್ಕೇ ಅಪಾಯ.

ಇನ್ನು ನಮ್ಮೂರಿನ ಪಡೆಗೆ ಬರೋಣ. ಡಿಬಿಎ ನೋಡಿಕೊಳ್ಳೋದು ಕ್ರಿ.ಪೂ. 3000ದಿಂದ ಕ್ರಿ.ಶ. 1500ರವರೆಗೆ. ಕೃಷ್ಣದೇವರಾಯನೇ ಹೊರಗೆ, ಇನ್ನು ಚಿತ್ರದುರ್ಗದ ನಾಯಕರು ಎಲ್ಲಿ? ಅದಕ್ಕೇ ಎರಡು ವರ್ಷದಿಂದ ನಾವಿಬ್ಬರು ದುರ್ಗದ ಪಡೆಗೆ ನಮ್ಮದೇ ಲೆಕ್ಕ ಬರೆಯುತ್ತಿದ್ದೇವೆ.

ಮೊದಲ ಸಲ ತಪ್ಪಿದ್ದು ನೆಲದಲ್ಲಿ. ದುರ್ಗದ ಬೇಡ ಜನಾಂಗದ ಪಡೆಯ ಕಾಲಾಳುಗಳನ್ನ ಬಯಲಿನ ಮೇಲೆ ಕುದುರೆಗಳ ಎದುರು ನಿಲ್ಲಿಸಿದೆವು. ಅರ್ಧ ಗಂಟೆಗೆ ಆಟ ಮುಗಿಯಿತು. ದುರ್ಬಲ ಪಡೆ ಅಂತ ಬರೆದುಕೊಂಡೆ. ಆಮೇಲೆ ಒಂದು ದಿನ ಕೋಟೆ ಹತ್ತುವಾಗ ಓಬವ್ವನ ಕಿಂಡಿಯ ಮುಂದೆ ನಿಂತೆ. ಒಬ್ಬರ ಹಿಂದೆ ಒಬ್ಬರು, ಬಗ್ಗಿಕೊಂಡೇ ನುಸುಳಬೇಕು. ಹೈದರಾಲಿಯ ಪಡೆ ಎಷ್ಟೇ ದೊಡ್ಡದಿರಲಿ, ಅಲ್ಲಿಗೆ ಬಂದರೆ ಸಾಲಿನ ಅಗಲ ಒಂದೇ ಆಳು. ಬರೆದುಕೊಂಡದ್ದನ್ನ ಅವತ್ತೇ ಹೊಡೆದು ಹಾಕಿದೆ.

ಡಿಬಿಎಯ ನಂತರದ ಆವೃತ್ತಿಗಳಲ್ಲಿ ಇದಕ್ಕೆ ದಾರಿ ಇದೆ. ಪ್ರತಿ ಪಡೆಗೂ ಒಂದು ತವರು ನೆಲ, ಮತ್ತು ಅದು ಎಷ್ಟು ಮೇಲೆ ಬೀಳುವ ಸ್ವಭಾವದ್ದು ಅನ್ನೋದಕ್ಕೆ ಒಂದು ಅಂಕಿ. ದಾಳ ಹಾಕಿ ಆ ಅಂಕಿ ಕೂಡಿಸಿದಾಗ ಜಾಸ್ತಿ ಬಂದವನೇ ದಾಳಿಕೋರ. ಕಾಯುವವನ ತವರಲ್ಲೇ ಯುದ್ಧ. ನಾವು ದುರ್ಗಕ್ಕೆ ಆ ಅಂಕಿಯನ್ನ ತೀರಾ ಕಡಿಮೆ ಇಟ್ಟೆವು. ಬಂಡೆಗಳಿಗೆ ಜಲ್ಲಿಕಲ್ಲು ತಂದು ತೊಳೆದು ಅಂಟಿಸಿದೆವು. ಈಗ ಬೇಡ ಪಡೆಯನ್ನ ಅಲುಗಾಡಿಸೋಕೆ ಗೆಳೆಯನ ಕುದುರೆಗಳಿಗೆ ಆಗುತ್ತಿಲ್ಲ.

ಬಂಡೆ ಬಿಟ್ಟು ಇಳಿದರೆ ಏನಾಗುತ್ತೆ ಅನ್ನೋದಕ್ಕೆ ಮಾಯಕೊಂಡ ಇದೆ. ದಾವಣಗೆರೆಯಿಂದ ಚಿಕ್ಕಜಾಜೂರಿಗೆ ರೈಲಿನಲ್ಲಿ ಹೋದರೆ ದಾರಿಯಲ್ಲೇ ಸಿಗುವ ಊರು. 1748ರಲ್ಲಿ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರು ಒಟ್ಟಾಗಿ ಬಂದಾಗ ಮದಕರಿ ನಾಯಕರು ಅಲ್ಲೇ ಪ್ರಾಣ ಕೊಟ್ಟರು. ಕೊನೆಯ ಮದಕರಿ ಅಲ್ಲ, ಅವರಿಗಿಂತ ಹಿಂದಿನವರು. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು. ಆಮೇಲೆ ಅವನು ಬೇಡರನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನ ತನ್ನದೇ ಚೇಲಾ ದಳಗಳಿಗೆ, ಅಂದರೆ ಸೆರೆಯ ಹುಡುಗರನ್ನ ಸೈನಿಕರನ್ನಾಗಿ ಬೆಳೆಸುವ ದಳಗಳಿಗೆ, ಸೇರಿಸಿಕೊಂಡ. ಆ ಪಡೆಗೆ ಹೈದರಾಲಿ ಕಟ್ಟಿದ ಬೆಲೆ ಅದು. ನಮ್ಮ ನೋಟ್‌ಬುಕ್ಕಿನಲ್ಲಿ ಬೇಡ ಕಾಲಾಳಿನ ಮುಂದೆ ಈಗ ಎರಡು ಅಂಕಿಗಳಿವೆ. ಬಯಲಿಗೆ ಎರಡು, ಬಂಡೆಗೆ ಐದು. ಮುಂದಿನ ಭಾನುವಾರ ಮಾಯಕೊಂಡ ಆಡುತ್ತೇವೆ. ಟೇಬಲ್ ಮೇಲೆ ಒಂದು ಜಲ್ಲಿಕಲ್ಲೂ ಇರೋದಿಲ್ಲ.