ಘಾಟ್ ಹತ್ತೋದು ಬಿಡಿ, ಇಳಿಯೋದು ಹೇಗೆ?

ಹೊಸ ಲಾರಿ ತೆಗೆದುಕೊಳ್ಳುವವರು ಬಳ್ಳಾರಿಯ ನನ್ನ ಗ್ಯಾರೇಜಿಗೆ ಬಂದರೆ ಮೊದಲು ಕೇಳುವುದು ಒಂದೇ ಮಾತು. “ಮೇಸ್ತ್ರಿ, ಯಾವ ಗಾಡಿಗೆ ಎಳೆತ ಜಾಸ್ತಿ?” ನಾನು ತಿರುಗಿ ಕೇಳುತ್ತೇನೆ: “ಲೋಡ್ ಏನು? ಯಾವ ಘಾಟ್ ಇಳಿಸ್ತೀರಿ?” ಅಲ್ಲಿಗೆ ಅರ್ಧ ಮಂದಿಯ ಉತ್ಸಾಹ ಇಳಿದುಬಿಡುತ್ತದೆ!

ಹುಡುಗರಿಗೆ ಕ್ಯಾಬಿನ್ ಮೇಲಿನ ನಂಬರಿನ ಹುಚ್ಚು. ಆ ನಂಬರ್ ಓದುವುದು ಸುಲಭ. 2518 ಅಂದರೆ ಲೋಡ್ ಸಮೇತ ಸುಮಾರು 25 ಟನ್ ತೂಕ, 180ರ ಆಸುಪಾಸು ಅಶ್ವಶಕ್ತಿ. ಟಾಟಾದ 5530 ಅಂದರೆ 55 ಟನ್, 300 ಅಶ್ವಶಕ್ತಿ. ಈಗ ಭಾಗಿಸಿ ನೋಡಿ. 2518ರಂಥ ಹಳೆಯ ಹತ್ತು ಗಾಲಿ ಗಾಡಿಗೆ ಟನ್ನಿಗೆ ಏಳರಷ್ಟು ಅಶ್ವಶಕ್ತಿ ಸಿಕ್ಕರೆ, 5530ರಂಥ ದೊಡ್ಡ ಟ್ರೇಲರಿಗೆ ಐದೂವರೆಯೂ ಇಲ್ಲ. 2018ರಲ್ಲಿ ಸರ್ಕಾರ ಆಕ್ಸಲ್ ತೂಕದ ಮಿತಿ ಏರಿಸಿ, ಹತ್ತು ಗಾಲಿಗೆ 25 ಟನ್ ಇದ್ದದ್ದನ್ನು 28.5 ಮಾಡಿತು. ಮಾಲೀಕರಿಗೆ ಖುಷಿ. ಗಾಲಿಯ ಜೊತೆ ತಿರುಗುವ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಬ್ರೇಕ್ ಲೈನರಿಗೆ ಆ ಖುಷಿ ಇಲ್ಲ.

ನಮ್ಮ ಕಡೆ ಲೋಡಿನದೇ ಒಂದು ಮೋಸ ಇದೆ. ಗಂಗಾವತಿ, ಸಿಂಧನೂರಿನ ಭತ್ತ ತುಂಬಿದರೆ ಬಾಡಿ ತುದಿವರೆಗೂ ಬರುತ್ತದೆ. ಸಂಡೂರಿನ ಅದಿರು ಹಾಗಲ್ಲ. ಒಂದು ಘನ ಮೀಟರಿಗೆ ಎರಡು ಟನ್ನಿಗಿಂತ ಜಾಸ್ತಿ ತೂಗುತ್ತದೆ. ತೂಕ ಪೂರ್ತಿಯಾದರೂ ಬಾಡಿ ಅರ್ಧ ಖಾಲಿ ಕಾಣುತ್ತದೆ. ಇನ್ನಷ್ಟು ತುಂಬೋಣ ಅಂತ ಕಣ್ಣಿಗೆ ಆಸೆ ಹುಟ್ಟೋದೇ ಅಲ್ಲಿ.

2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸುವವರೆಗೆ ನಮ್ಮ ಗಾಡಿಗಳು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಾಟ್ ಇಳಿದು ಬೇಲೆಕೇರಿ, ಕಾರವಾರ ಬಂದರಿಗೆ ಹೋಗುತ್ತಿದ್ದವು. ನಾನು ಬ್ರೇಕ್ ಕೆಲಸ ಕಲಿತದ್ದು ಅವುಗಳ ಮೇಲೆ. ವಾಪಸ್ ಬಂದ ಗಾಡಿಯ ಡ್ರಮ್ ಬಿಚ್ಚಿದರೆ ಸಾಕು, ಒಳಗೆ ನೀಲಿ ಕಲೆ, ಕೂದಲೆಳೆಯಂಥ ಬಿರುಕು, ಗಾಜಿನ ಹಾಗೆ ಹೊಳೆಯುವ ಲೈನರ್. ಡ್ರೈವರ್ ಏನೇ ಹೇಳಲಿ, ಘಾಟಿನುದ್ದಕ್ಕೂ ಅವನ ಕಾಲು ಪೆಡಲ್ ಮೇಲೇ ಇತ್ತು ಅಂತ ಡ್ರಮ್ ಹೇಳಿಬಿಡುತ್ತಿತ್ತು.

ಆಗುವುದು ಇಷ್ಟೇ. ಒಂದೇ ಸಮ ಬ್ರೇಕ್ ಹಿಡಿದರೆ ಡ್ರಮ್ ಕಾದು ಹಿಗ್ಗುತ್ತದೆ. ಲೈನರ್ ಅದನ್ನು ಮುಟ್ಟಲು ಇನ್ನಷ್ಟು ಸರಿಯಬೇಕು. ಕಾದ ಲೈನರಿಗೆ ಹಿಡಿತವೂ ಕಡಿಮೆ. ಪದೇ ಪದೇ ತುಳಿದರೆ ಬ್ರೇಕ್ ಒತ್ತುವ ಟ್ಯಾಂಕಿನ ಏರ್ ಇಳಿಯುತ್ತದೆ. ಅದಕ್ಕೇ ಹಳಬರು ಹತ್ತುವ ಗೇರಿನಲ್ಲೇ ಇಳಿಯುತ್ತಿದ್ದರು. ಇಂಜಿನ್ನೇ ಗಾಡಿಯನ್ನು ಹಿಡಿಯಬೇಕು, ಹೊಗೆಯ ದಾರಿ ಮುಚ್ಚುವ ಎಕ್ಸಾಸ್ಟ್ ಬ್ರೇಕ್ ಜೊತೆಗಿರಬೇಕು. ವೋಲ್ವೋ ಓಡಿಸಿ ಬಂದವರ ಹತ್ತಿರ ಮಾತಾಡಿ, ಅವರು ವೇಗಕ್ಕಿಂತ ಜಾಸ್ತಿ ಹೊಗಳುವುದು ಅದರ ಇಂಜಿನ್ ಬ್ರೇಕನ್ನು.

ಇನ್ನು ಡೀಸೆಲ್ ಉಳಿಸುತ್ತೇನೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರು. ಇವರ ಮೇಲೆ ನನಗೆ ನಿಜವಾಗಿ ಸಿಟ್ಟು. ಕಂಪ್ಯೂಟರ್ ಲೆಕ್ಕದಲ್ಲಿ ಡೀಸೆಲ್ ಬಿಡುವ ಈಗಿನ ಕಾಮನ್ ರೈಲ್ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಗಾಲಿಗಳೇ ಇಂಜಿನ್ ತಿರುಗಿಸುತ್ತವೆ. ಇಂಜೆಕ್ಟರ್ ಡೀಸೆಲ್ ಬಿಡುವುದೇ ಇಲ್ಲ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಿರಲು ಡೀಸೆಲ್ ಬೇಕೇ ಬೇಕು. ಉಳಿಯಿತೇನು? ಸುಮ್ನೆ ಪ್ರಾಣಕ್ಕೆ ಸಂಚಕಾರ.

ಕ್ಯಾಬಿನ್ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿದೆ. ಎಸಿ ಅಂದರೆ ಶೋಕಿ ಅಂದುಕೊಂಡಿದ್ದೆ. ಒಂದು ಮೇ ತಿಂಗಳ ಮಧ್ಯಾಹ್ನ ಟ್ರಯಲ್‌ಗೆಂದು ಹಳೆಯ ಗಾಡಿಯನ್ನು ತೋರಣಗಲ್ಲುವರೆಗೆ ಓಡಿಸಿದೆ. ಕಾಲಡಿ ಇಂಜಿನ್ ಕಾವು, ಮೇಲೆ ಕಾದ ತಗಡು. ಅವತ್ತೇ ಮಾತು ವಾಪಸ್ ತಗೊಂಡೆ. 2025ರಲ್ಲಿ, ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಯಿತು. ತಡವಾಯಿತು, ಅಷ್ಟೇ.

ಹಾಗಂತ ಹಳೆಯ ಲೇಲ್ಯಾಂಡ್ ಬಿಡದವರನ್ನು ನೋಡಿ ನಾನು ನಗುವುದಿಲ್ಲ. ಯಾವ ಊರಿನಲ್ಲಿ ನಿಂತರೂ ಸ್ಪ್ಯಾನರ್ ಹಿಡಿದವನೊಬ್ಬ ರಿಪೇರಿ ಮಾಡಿಕೊಡುತ್ತಾನೆ. ಹೊಗೆ ಕಡಿಮೆ ಬಿಡಬೇಕೆಂಬ ನಿಯಮದ ಹೊಸ ಬಿಎಸ್6 ಗಾಡಿಯಲ್ಲಿ ಒಂದು ಸೆನ್ಸರ್ ಕೈಕೊಟ್ಟರೆ ದೋಷ ಓದುವ ಲ್ಯಾಪ್‌ಟಾಪ್ ಬರುವವರೆಗೆ ಕಾಯಬೇಕು.

ಮೊನ್ನೆ ಒಬ್ಬ ಹುಡುಗ ಹೊಸ ಟ್ರೇಲರಿಗೆ ಹುಲಿಗೆಮ್ಮನ ಗುಡಿಯಲ್ಲಿ ಪೂಜೆ ಮಾಡಿಸಿ ನೇರ ನನ್ನ ಹತ್ತಿರ ತಂದ. “ಹೆಂಗೈತಿ ಮೇಸ್ತ್ರಿ?” ಅಂದ. “ಎಕ್ಸಾಸ್ಟ್ ಬ್ರೇಕ್ ಸ್ವಿಚ್ ಎಲ್ಲೈತಿ ತೋರಿಸಪ್ಪಾ” ಅಂದೆ. ಡ್ಯಾಶ್‌ಬೋರ್ಡ್ ತುಂಬಾ ಹುಡುಕಿದ. ಮ್ಯೂಸಿಕ್ ಸಿಸ್ಟಮ್ಮಿನ ಬಟನ್ ಮಾತ್ರ ತಕ್ಷಣ ಸಿಕ್ಕಿತು.