ಇಳಿಸಿದ ಕಾರಿಗೆ ಯಾವ ರಿಮ್, ಎಷ್ಟು ಟೈರ್?

ಸ್ಪ್ರಿಂಗ್ ಬದಲಿಸಿ ಕಾರನ್ನು 40 ಮಿ.ಮೀ. ಇಳಿಸಿದರೆ, ಟೈರ್ ಮೇಲೇಳಲು ಫೆಂಡರ್ (ಚಕ್ರದ ಮೇಲಿನ ಕಮಾನು ತಗಡು) ಒಳಗಿದ್ದ ಜಾಗದಲ್ಲಿ ಅಷ್ಟೂ ನಿಂತಲ್ಲೇ ಖರ್ಚಾಗುತ್ತದೆ. ಮೈಸೂರಿನ ಅಂಗಡಿಯೆದುರು ಲಕ್ಷಣವಾಗಿ ಕೂತ ಚಕ್ರ, ನಾಲ್ವರನ್ನು ಹೊತ್ತು ಚಾಮುಂಡಿ ಬೆಟ್ಟದ ತಿರುವಿಗೆ ಬಂದಾಗ ಉಜ್ಜತೊಡಗುವುದು ಇದಕ್ಕೇ.

ಮೊದಲು ನೋಡಬೇಕಾದ್ದು ಆಫ್‌ಸೆಟ್. ರಿಮ್ ಅಗಲದ ನಟ್ಟನಡುವಿನಿಂದ ಹಬ್‌ಗೆ (ಚಕ್ರವನ್ನು ಬಿಗಿಯುವ ನಡುಗುಂಬಕ್ಕೆ) ತಾಗುವ ಮುಖ ಹೊರಬದಿಗೆ ಎಷ್ಟು ದೂರವಿದೆ ಎಂಬ ಲೆಕ್ಕ ಅದು. ರಿಮ್ ಮೇಲೆ ‘ಇಟಿ 45’ ಎಂಬಂತೆ ಅಚ್ಚಾಗಿರುತ್ತದೆ, ಅಂದರೆ 45 ಮಿ.ಮೀ. 5.5 ಇಂಚಿನ ಇಟಿ 45 ರಿಮ್ ತೆಗೆದು 7 ಇಂಚಿನ ಇಟಿ 38 ಹಾಕಿದಿರಿ ಎನ್ನಿ. ಅಗಲ 38 ಮಿ.ಮೀ. ಹೆಚ್ಚಿತು, ಬದಿಗೆ 19. ಆಫ್‌ಸೆಟ್ 7 ಕಡಿಮೆಯಾದ್ದರಿಂದ ಚಕ್ರವೇ 7 ಮಿ.ಮೀ. ಹೊರಸರಿಯಿತು. ಒಟ್ಟು ಹೊರಗೆ 26, ಒಳಗೆ 12. ಹೊರಗೆ ಫೆಂಡರ್ ಅಂಚು, ಒಳಗೆ ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಸಸ್ಪೆನ್ಷನ್ ಕಂಬ): ಎರಡನ್ನೂ ಅಳೆಯದೆ ದುಡ್ಡು ಕೊಡಬೇಡಿ.

ಟೈರಿನ ಒಟ್ಟು ವ್ಯಾಸ ಮೂಲದಷ್ಟೇ ಇರಲಿ. ಟೈರಿನ ಮೇಲಿನ ಮೊದಲ ಅಂಕಿ ಅಗಲ ಮಿ.ಮೀ.ನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕದ ಗೋಡೆಯ ಎತ್ತರ ಎಂಬುದು, ‘ಆರ್’ ಮುಂದಿನದು ರಿಮ್ ವ್ಯಾಸ ಇಂಚಿನಲ್ಲಿ. 185/65 ಆರ್15ರ ವ್ಯಾಸ 621.5 ಮಿ.ಮೀ.; 195/55 ಆರ್16ರದು 621. ಸ್ಪೀಡೋಮೀಟರ್ ಕೆಡದು. ಆದರೆ ಲೋಡ್ ಇಂಡೆಕ್ಸ್ 88ರಿಂದ 87ಕ್ಕೆ ಇಳಿದರೆ ಟೈರೊಂದು ಹೊರುವ ಭಾರ 560ರಿಂದ 545 ಕಿಲೋಗೆ ಬರುತ್ತದೆ, ಅದನ್ನೂ ಗಮನಿಸಿ. 17 ಇಂಚಿಗೆ ಹೋಗಿ 205/45 ಹಾಕಿದರೆ ಸೈಡ್‌ವಾಲ್, ಅಂದರೆ ಆ ಪಕ್ಕದ ಗೋಡೆ, ಬರೀ 92 ಮಿ.ಮೀ. ಗುಂಡಿಗೆ ಬಿದ್ದಾಗ ಡೊಂಕಾಗುವುದು ರಿಮ್ಮೇ. ನಮ್ಮ ರಸ್ತೆಗಳಿಗೆ 16 ಸಾಕು.

ವ್ಯಾಸ ಹೆಚ್ಚಿಸಿ ಎತ್ತರ ಮರಳಿ ಪಡೆಯುವ ಉಪಾಯ ಕೆಲವರದು. ವ್ಯಾಸ 10 ಮಿ.ಮೀ. ಹೆಚ್ಚಿದರೆ ಕಾರು ಏಳುವುದು 5 ಮಾತ್ರ. ಮೇಲಿನ ಜಾಗದಲ್ಲಿ ಇನ್ನೂ 5 ಹೋಯಿತು. ಹಂಪ್‌ಗಳ ಲೆಕ್ಕ ಬೇರೆಯೇ. ಭಾರತೀಯ ರಸ್ತೆ ಕಾಂಗ್ರೆಸ್‌ನ 1988ರ ಮಾನದಂಡದ ದುಂಡು ಹಂಪ್ 3.7 ಮೀ. ಅಗಲ, 10 ಸೆಂ.ಮೀ. ಎತ್ತರ, 17 ಮೀ. ತ್ರಿಜ್ಯ. ಹಿಂದುಮುಂದಿನ ಚಕ್ರಗಳ ನಡುವೆ 2.45 ಮೀ. ಇರುವ ಕಾರು ಪೂರಾ ಅದರ ಮೇಲೇರುತ್ತದೆ, ಹೊಟ್ಟೆಯಡಿ ಉಬ್ಬುವುದು 44 ಮಿ.ಮೀ. ಅಷ್ಟೇ. ಮಂಡ್ಯದ ಕಡೆ ಹಳ್ಳಿಯವರೇ ಮಣ್ಣು, ಜಲ್ಲಿ ಸುರಿದು ಹಾಕಿದ ಮೊಳದಗಲದ ಹಂಪ್ ಅಷ್ಟೇ ಎತ್ತರವಿದ್ದರೂ ಪೂರ್ತಿ ನೂರು ಮಿ.ಮೀ. ಒಳಗೆ ನುಗ್ಗುತ್ತದೆ. ಇದಕ್ಕೆ ಟೈರಿನಲ್ಲಿ ಪರಿಹಾರವಿಲ್ಲ, ಕಡಿಮೆ ಇಳಿಸಬೇಕು.

ಇಳಿಸಿದ ಮೇಲೆ ಚಕ್ರದ ತಲೆ ಒಳವಾಲುತ್ತದೆ, ಈ ವಾಲಿಕೆಯೇ ಕ್ಯಾಂಬರ್; ಟೋ, ಅಂದರೆ ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗಿರುವ ಕೋನ, ಅದು ಕೂಡ ಬದಲಾಗುತ್ತದೆ. ಟೈರಿನ ಒಳಅಂಚು ಬೇಗ ಸವೆದರೆ ಎಲ್ಲರೂ ಬೈಯುವುದು ಕ್ಯಾಂಬರ್‌ಗೆ. ಹೆಚ್ಚು ತಿನ್ನುವುದು ಟೋ. ಸ್ಪ್ರಿಂಗ್ ಒಂದೆರಡು ವಾರ ಓಡಿ ಕೂತಮೇಲೆ ಅಲೈನ್‌ಮೆಂಟ್ ಮಾಡಿಸಿ.

ಪಿಸಿಡಿ (ಬೋಲ್ಟ್ ತೂತುಗಳು ಕೂತ ವೃತ್ತದ ವ್ಯಾಸ) ಸರಿಹೊಂದಿದರೂ ಹಬ್‌ಗಿಂತ ರಿಮ್ಮಿನ ನಡುತೂತು ದೊಡ್ಡದಿದ್ದರೆ ಹೈವೇ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು. ಆ ಸಂದು ತುಂಬಲು ಅಳತೆಗೆ ತಕ್ಕ ಹಬ್ ರಿಂಗ್ ಹಾಕಿಸಿ. ಶಂಕುವಿನಾಕಾರದ ನಟ್ ಬೇಡುವ ರಿಮ್ಮಿಗೆ ದುಂಡು ಸೀಟಿನ ನಟ್ ಬಿಗಿದರೆ ಸಡಿಲವಾಗುತ್ತದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ಬಿಗಿ ನೋಡಿ.